ಮರ ಕೊಳ್ಳುವವನನ್ನು ಮರ ಕಡಿಯಲು ಕರೆಯಬೇಡಿ

ಮನೆಗೆ ತಾಗಿ ನಿಂತ ದೊಡ್ಡ ಮರ ತೆಗೆಸಬೇಕಾಗಿ ಬಂದರೆ ಮಂಗಳೂರಿನಲ್ಲಿ ಎರಡು ಬಗೆಯ ಜನ ಸಿಗುತ್ತಾರೆ. ಒಬ್ಬರು ಮರದ ವ್ಯಾಪಾರಿಗಳು. ಬಂದು ಬುಡವನ್ನು ತಬ್ಬಿ ಅಳೆದು, "ನೀವೇನೂ ಕೊಡುವುದು ಬೇಡ, ನಾವೇ ನಿಮಗೆ ಇಷ್ಟು ಕೊಡುತ್ತೇವೆ" ಎನ್ನುತ್ತಾರೆ. ಇನ್ನೊಬ್ಬರು ಮರ ಇಳಿಸುವುದನ್ನೇ ಕಸುಬು ಮಾಡಿಕೊಂಡವರು. ಹಗ್ಗ, ರಾಟೆ, ಸೊಂಟದ ಬೆಲ್ಟು, ಹೆಲ್ಮೆಟ್, ಬೇಕಾದರೆ ಕ್ರೇನ್ ತರುತ್ತಾರೆ. ಅವರು ಹೇಳುವ ಮಜೂರಿ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೂ ಎರಡನೆಯವರನ್ನೇ ಕರೆಯಿರಿ. ವ್ಯಾಪಾರಿಗೆ ಬೇಕಾದದ್ದು ದಿಮ್ಮಿ. ನಿಮ್ಮ ಮಾಡು, ಪಕ್ಕದ ಮನೆಯ ಗೋಡೆ, ಮರ ಹತ್ತಿದ ಹುಡುಗನ ಜೀವ, ಇವು ಯಾವುವೂ ಅವನ ಲೆಕ್ಕದಲ್ಲಿ ಇರುವುದಿಲ್ಲ. ಕಳೆದ ಮೇ ತಿಂಗಳಲ್ಲಿ ಬಿಜೈಯ ನಮ್ಮ ಹಿತ್ತಿಲಲ್ಲಿ ನಾನು ಇದನ್ನು ಕಣ್ಣಾರೆ ಕಂಡೆ.

ನಮ್ಮದು ಹೆಬ್ಬಲಸಿನ ಮರ. ಮಾವ ಮನೆ ಕಟ್ಟಿಸುವಾಗಲೇ ದೊಡ್ಡದಾಗಿತ್ತಂತೆ. ಏಪ್ರಿಲ್ ಬಂತೆಂದರೆ ಮಕ್ಕಳು ಹಣ್ಣು ಹೆಕ್ಕುತ್ತಿದ್ದರು, ಅತ್ತೆ ಬೀಜ ಹುರಿದಿಡುತ್ತಿದ್ದರು. ಹೆಬ್ಬಲಸು ಕೊಂಬೆ ಬಿಡದೆ ನೇರ ಮೇಲಕ್ಕೆ ಹೋಗುವ ಜಾತಿ. ಹಿಂದಿನವರು ದೋಣಿಗೂ ಬಾಗಿಲಿಗೂ ಮಾಡಿನ ತೊಲೆಗೂ ಅದನ್ನೇ ಹುಡುಕುತ್ತಿದ್ದರು. ನಮ್ಮ ಮರವೂ ತೆಂಗಿಗಿಂತ ಎತ್ತರಕ್ಕೆ ಹೋಗಿ ಅಲ್ಲಿ ಕೊಡೆ ಬಿಚ್ಚಿತ್ತು. ಅದರ ಪಡುವಣಕ್ಕೆ ರಸ್ತೆ, ಮೂಡಣಕ್ಕೆ ನಮ್ಮ ಹಂಚಿನ ಮನೆ.

ಅದನ್ನು ಕೊಂದದ್ದು ಚರಂಡಿ. ರಸ್ತೆಗೆ ಕಾಂಕ್ರೀಟ್ ಹಾಕುವಾಗ ಕಂಪೌಂಡಿನ ಹೊರಗೆ ಚರಂಡಿ ತೋಡಲು ಜೆಸಿಬಿ ಇಳಿಸಿ ತೋಳಿನಷ್ಟು ದಪ್ಪದ ಬೇರುಗಳನ್ನು ಎಳೆದು ತುಂಡರಿಸಿದರು. ನಾನು ಓಡಿಹೋಗಿ ತಡೆದೆ. ಅಲ್ಲಿ ನಿಂತಿದ್ದ ಎಂಜಿನಿಯರು, "ಅಮ್ಮ, ಮರಕ್ಕೆ ಏನೂ ಆಗುವುದಿಲ್ಲ, ಒಳಗೆ ಹೋಗಿ" ಎಂದರು. ನಮ್ಮ ಊರಿನದು ಮುರಕಲ್ಲಿನ ನೆಲ. ಅಡಿಯಲ್ಲಿ ಗಟ್ಟಿಕಲ್ಲು ಸಿಕ್ಕಿದ ಬೇರು ಆಳಕ್ಕೆ ಇಳಿಯದೆ ಅಗಲಕ್ಕೆ ಹರಡುತ್ತದೆ. ಆ ಅಗಲದ ಬೇರನ್ನೇ ಒಂದು ಕಡೆ ಕಡಿದರೆ ಮರಕ್ಕೆ ಹಿಡಿತ ಎಲ್ಲಿಂದ ಬರಬೇಕು? ಬುಡದ ಸುತ್ತ ಒಂದು ಮೀಟರಿನಷ್ಟು ಕಾಂಕ್ರೀಟ್ ತೆಗೆದು ಮರಕ್ಕೆ ಉಸಿರಾಡಲು ಬಿಡಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದಿಲ್ಲಿಗೆ ಆದೇಶ ಕೊಟ್ಟಿತ್ತು. ಅಂಥ ಬುದ್ಧಿ ನಮ್ಮ ರಸ್ತೆಗೆ ಇನ್ನೂ ಬಂದಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರಾವಳಿಯ ಪಕ್ಕದಲ್ಲಿ ಹಾದುಹೋದಾಗ ಕಡಲ ಕಡೆಯ ಗಾಳಿಗೆ ಮರ ನಮ್ಮ ಮನೆಯ ಕಡೆ ವಾಲಿತು. ಆಮೇಲೆ ಪ್ರತಿ ಮಳೆಗಾಲ ಸ್ವಲ್ಪ ಸ್ವಲ್ಪ. ಕೊನೆಗೆ ಬುಡದಲ್ಲಿ ಅಣಬೆ ಎದ್ದಿತು, ರಸ್ತೆ ಕಡೆಯ ಮಣ್ಣು ಬಿರಿಯಿತು. ತೆಗೆಯದೆ ಗತಿಯಿಲ್ಲ ಎಂದು ನಿರ್ಧರಿಸಿದೆ.

ಅನುಮತಿಯ ಕೆಲಸ ನಾನೇ ಮಾಡಿದೆ. ಸ್ವಂತ ಜಾಗದ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಒಪ್ಪಿಗೆ ಬೇಕು. ತೆಂಗು, ಗಾಳಿಮರ, ನೀಲಗಿರಿಯಂಥ ಕೆಲವು ಜಾತಿಗಳಿಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಜಾಗದ ದಾಖಲೆ, ತೆರಿಗೆ ರಸೀದಿ, ವಾಲಿದ ಬುಡದ ಫೋಟೊ ಇಟ್ಟು ಅರ್ಜಿ ಕೊಟ್ಟೆ. ಬಂದು ನೋಡಿದರು, ಜೀವಕ್ಕೂ ಆಸ್ತಿಗೂ ಅಪಾಯ ಎಂದು ಬರೆದುಕೊಂಡರು, ಒಪ್ಪಿಗೆ ಕೊಟ್ಟರು. ಕಡಿದದ್ದಕ್ಕೆ ಬದಲು ಗಿಡ ನೆಡುವ ಹೊಣೆಯೂ ಅದೇ ಕಾಯ್ದೆಯಲ್ಲಿದೆ.

ಮರ ಇಳಿಸುವವರನ್ನೂ ನಾನೇ ಕರೆಸಿ ತೋರಿಸಿದ್ದೆ. ಅವರಲ್ಲಿ ಹಿರಿಯನಾದವನು ಮರದ ಸುತ್ತ ತಿರುಗಿ, ಸುತ್ತಿಗೆಯ ಹಿಡಿಯಿಂದ ಬುಡಕ್ಕೆ ಬಡಿದು ಕಿವಿಯಿಟ್ಟು ಕೇಳಿದ. "ಒಳಗೆ ಪೊಳ್ಳಾಗಿದೆ ಅಮ್ಮ. ಇದನ್ನು ಬುಡದಿಂದ ಉರುಳಿಸುವಂತಿಲ್ಲ. ಮೇಲಿನಿಂದ ತುಂಡು ತುಂಡು ಮಾಡಿ ಹಗ್ಗದಲ್ಲಿ ಇಳಿಸಬೇಕು, ಕ್ರೇನ್ ಬೇಕು" ಎಂದು 48,000 ರೂಪಾಯಿ ಹೇಳಿದ. ನಾನು ಒಪ್ಪುವುದರಲ್ಲಿದ್ದೆ. ಅಷ್ಟರಲ್ಲಿ ಭಾವ ಬಂದರು.

ನನ್ನ ಗಂಡ ತೀರಿಕೊಂಡ ಮೇಲೆ ಈ ಮನೆಯ ಎಲ್ಲ ವಿಷಯದಲ್ಲೂ ತಮ್ಮ ಮಾತೇ ಕೊನೆಯ ಮಾತಾಗಬೇಕು ಎಂದು ಭಾವನ ಹಟ. "ಹೆಬ್ಬಲಸಿನ ಮರಕ್ಕೆ ದುಡ್ಡು ಕೊಟ್ಟು ಕಡಿಸುವವರು ಉಂಟಾ? ಹೆಂಗಸು ಒಬ್ಬಳೇ ಇದ್ದಾಳೆ ಎಂದು ಸುಲಿಯುತ್ತಿದ್ದಾರೆ. ನನ್ನ ಗುರುತಿನ ವ್ಯಾಪಾರಿ 12,000 ಕೊಟ್ಟು ಕಡಿದುಕೊಂಡು ಹೋಗುತ್ತಾನೆ" ಎಂದರು. ಬೇಡ ಎಂದೆ. ಮರ ಪೊಳ್ಳು ಎಂದೆ. "ಬಡಿದು ನೋಡಿದರೆ ಗೊತ್ತಾಗುವುದಕ್ಕೆ ಅದೇನು ತೆಂಗಿನಕಾಯಿಯಾ?" ಎಂದು ಎದ್ದು ಹೋದರು. ನಾನು ಅತ್ತೆಯನ್ನು ತಪಾಸಣೆಗೆಂದು ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ ನೋಡಿಕೊಂಡು, ನನಗೆ ಒಂದು ಮಾತೂ ಹೇಳದೆ, ವ್ಯಾಪಾರಿಯ ಕೈಯಿಂದ ಮುಂಗಡ ತೆಗೆದುಕೊಂಡು ಕೆಲಸ ಶುರು ಮಾಡಿಸಿಬಿಟ್ಟರು.

ಮಧ್ಯಾಹ್ನ ದಾಟಿದ ಮೇಲೆ ರಿಕ್ಷಾದಲ್ಲಿ ಮನೆಯ ತಿರುವಿಗೆ ಬಂದಾಗಲೇ ಆಕಾಶದಲ್ಲಿ ಏನೋ ತಪ್ಪಿದಂತೆ ಕಂಡಿತು. ಮರದ ರಸ್ತೆ ಕಡೆಯ ಕೊಂಬೆ ಒಂದೂ ಇರಲಿಲ್ಲ. ಲಾರಿಗೆ ಏರಿಸಲು ಸುಲಭ, ನೇರವಾದ ದಿಮ್ಮಿ ಸಿಗುತ್ತದೆ ಎಂದು ಆ ಕಡೆಯದನ್ನೆಲ್ಲ ಮೊದಲು ಇಳಿಸಿ ತುಂಬಿಸಿದ್ದರು. ಮನೆಯ ಮೇಲೆ ಚಾಚಿದ್ದ ಕೊಂಬೆಗಳೆಲ್ಲ ಹಾಗೇ ಇದ್ದವು. ಮೊದಲೇ ಮನೆಯ ಕಡೆ ವಾಲಿದ ಮರ, ಈಗ ಭಾರವೆಲ್ಲ ಮನೆಯ ಕಡೆಗೇ. ನಾನು ಅತ್ತೆಯನ್ನು ನಮ್ಮ ಗೇಟಿನಲ್ಲಿ ಇಳಿಸಲೇ ಇಲ್ಲ. ರಿಕ್ಷಾದವನಿಗೆ ಪಕ್ಕದ ಮನೆಯ ಗೇಟಿನೊಳಗೆ ಹೋಗಲು ಹೇಳಿ, ಅವರ ಜಗಲಿಯಲ್ಲಿ ಕೂರಿಸಿ ಓಡಿ ಬಂದೆ.

ಬುಡದಲ್ಲಿ ಆಗಲೇ ಗರಗಸ ಆಡಿತ್ತು. ಬಾಯಿ ಕೊಯ್ದ ಜಾಗದಿಂದ ಮರದ ಹೊಟ್ಟಿನ ಬದಲು ಕರಿ ಹುಡಿ, ಗೆದ್ದಲ ಮಣ್ಣು ಸುರಿದಿತ್ತು. ವ್ಯಾಪಾರಿ ಅದನ್ನು ಕೈಯಲ್ಲಿ ಹಿಡಿದು ಭಾವನ ಮುಖಕ್ಕೆ ತೋರಿಸುತ್ತಿದ್ದ. "ಮರ ಪೊಳ್ಳು. ನನಗೆ ನಷ್ಟ. ನನ್ನ ಮುಂಗಡ ವಾಪಸು ಕೊಡಿ, ಮೇಲೆ 25,000 ಕೊಟ್ಟರೆ ಮುಂದುವರಿಸುತ್ತೇನೆ, ಇಲ್ಲದಿದ್ದರೆ ಇಲ್ಲಿಗೇ ಬಿಟ್ಟು ಹೋಗುತ್ತೇನೆ." ಭಾವ ಅವನೊಡನೆ ಚೌಕಾಶಿ ಮಾಡುತ್ತಿದ್ದರು! ತಲೆ ಎತ್ತಿ ನೋಡಿದರೆ ಮೇಲೆ, ಮನೆಯ ಕಡೆಯ ಕವಲಿನಲ್ಲಿ, ಒಬ್ಬ ಹುಡುಗ. ಬಡಗಣ ಜಿಲ್ಲೆಯಿಂದ ಕೂಲಿಗೆ ಬಂದವನು. ಬರಿಗಾಲು. ತಲೆಗೆ ಒಂದು ಬೈರಾಸು. ಸೊಂಟಕ್ಕೆ ಏನೂ ಇಲ್ಲ. ಕೆಳಗೆ ಜಗಳ ಮುಗಿಯಲಿ ಎಂದು ಕೊಂಬೆ ತಬ್ಬಿ ಕಾಯುತ್ತಿದ್ದ.

ಮೇ ತಿಂಗಳ ಮಂಗಳೂರು ಗೊತ್ತಿದ್ದವರಿಗೆ ಸಂಜೆಯ ಹೊತ್ತು ಘಟ್ಟದ ಕಡೆಯಿಂದ ಏಳುವ ಮೋಡ ಗೊತ್ತು. ಮೂಡಣ ಆಗಲೇ ಕಪ್ಪಾಗಿತ್ತು. ನಾನು 1912ಕ್ಕೆ ಫೋನ್ ಮಾಡಿ ಮೆಸ್ಕಾಂನವರಿಗೆ ವಿಷಯ ಹೇಳಿದೆ. ಭಾವ, "ಮೈನ್ ಸ್ವಿಚ್ ಆರಿಸಿದ್ದೇನೆ, ಹೆದರಬೇಡ" ಎಂದರು. ಮೈನ್ ಆರಿಸಿದರೆ ಮನೆಯೊಳಗಿನ ಕರೆಂಟ್ ಹೋಗುತ್ತದೆ, ಕಂಬದಿಂದ ಮನೆಗೆ ಬರುವ ತಂತಿಯಲ್ಲಿ ಅದು ಇದ್ದೇ ಇರುತ್ತದೆ. ಆ ತಂತಿ ಹಾದುಹೋಗಿದ್ದು ಹುಡುಗ ಕೂತ ಕೊಂಬೆಯ ನೇರ ಕೆಳಗೆ.

ಗಾಳಿ ಎದ್ದಿತು. ಮೊದಲ ಬೀಸಿಗೆ ಬುಡದೊಳಗಿಂದ ಒಂದು ಸದ್ದು ಬಂತು. ಮರ ಮುರಿಯುವ ಸದ್ದು ಕೇಳಿದವರಿಗೆ ಅದು ಮರೆಯುವುದಿಲ್ಲ. ಕಿವಿಗಿಂತ ಮೊದಲು ಅಂಗಾಲಿಗೆ ಗೊತ್ತಾಗುತ್ತದೆ. ಜಗಳ ಅಲ್ಲಿಗೆ ನಿಂತಿತು. ವ್ಯಾಪಾರಿ ರಸ್ತೆಗೆ ಓಡಿದ, ಭಾವ ಅವನ ಹಿಂದೆ. ನಾನು ಮೇಲೆ ನೋಡಿ, "ಇಳಿ ಮಗಾ, ಇಳಿ" ಎಂದು ಕೂಗಿದೆ. ಅವನಿಗೆ ಇಳಿಯಲು ದಾರಿಯಿರಲಿಲ್ಲ. ಹತ್ತಲು ಹಿಡಿದ ರಸ್ತೆ ಕಡೆಯ ಕೊಂಬೆಗಳನ್ನೆಲ್ಲ ಅವನ ಕೈಯಲ್ಲೇ ಕಡಿಸಿದ್ದರು.

ಅವನನ್ನು ಉಳಿಸಿದ್ದು ಅವರದೇ ಗುಂಪಿನ ಒಬ್ಬ ಮುದುಕ, ತುಳುವ. ದಿಮ್ಮಿ ಎಳೆಯಲು ತಂದ ಹಗ್ಗದ ತುದಿಗೆ ಕಲ್ಲು ಕಟ್ಟಿ ಮೇಲಿನ ಕವಲಿಗೆ ಎಸೆದ. ಅದು ದಾಟಲಿಲ್ಲ. ಮತ್ತೆ ಎಸೆದ. ಕವಲು ದಾಟಿ ಹುಡುಗನ ಕೈಗೆ ಸಿಕ್ಕಿತು. ಸೊಂಟಕ್ಕೂ ತೊಡೆಗೂ ಹೇಗೆ ಬಿಗಿಯಬೇಕೆಂದು ಕೆಳಗಿನಿಂದಲೇ ಕೈಸನ್ನೆ ಮಾಡಿ ತೋರಿಸಿದ. ಅಷ್ಟರಲ್ಲಿ ಮಳೆ ಸುರಿಯತೊಡಗಿತು. ಹಗ್ಗದ ಇನ್ನೊಂದು ತುದಿಯನ್ನು ಕಂಪೌಂಡಿನ ತೆಂಗಿನ ಬುಡಕ್ಕೆ ಸುತ್ತು ಹಾಕಿ ಮುದುಕ ಹಿಡಿದ, ಅವನ ಹಿಂದೆ ರಿಕ್ಷಾದ ಚಾಲಕ, ಅವನ ಹಿಂದೆ ನಾನು. "ಬಲ್ಲ್ ಬುಡೊಡ್ಚಿ, ಬುಡೊಡ್ಚಿ" ಎಂದು ಮುದುಕ ಹೇಳುತ್ತಲೇ ಇದ್ದ. ಹಗ್ಗ ಬಿಡಬೇಡಿ ಎಂದು. ಒದ್ದೆ ಹಗ್ಗ ಅಂಗೈಯ ತೊಗಲು ಎತ್ತಿಕೊಂಡು ಹೋಗುವುದು ಆಗ ಗೊತ್ತಾಗಲಿಲ್ಲ. ಹುಡುಗ ಗಾಳಿಯಲ್ಲಿ ಗಿರಗಿರ ತಿರುಗುತ್ತ, ಕಾಂಡಕ್ಕೆ ಬಡಿದುಕೊಳ್ಳುತ್ತ ಇಳಿದ. ಕಾಲು ನೆಲಕ್ಕೆ ತಾಗಿದ ಮೇಲೆ ನಿಲ್ಲಲಾರದೆ ಕೂತುಬಿಟ್ಟ. ಅವನನ್ನು ಎಳೆದುಕೊಂಡು ರಸ್ತೆಗೆ ಬಂದೆವು.

ಅವನು ಕೂತಿದ್ದ ಕವಲು ಬಿತ್ತು. ಅಡುಗೆಮನೆಯ ಮಾಡಿನ ಮೇಲೆ. ಹಂಚು, ರೀಪು, ಪಕ್ಕಾಸು ಎಲ್ಲ ಒಟ್ಟಿಗೆ ಒಳಕ್ಕೆ ಹೋದವು. ತಂತಿ ಕಡಿದು ಅಂಗಳದ ನೀರಿನಲ್ಲಿ ಕಿಡಿ ಹಾರಿಸಿತು. ಅತ್ತೆ ದಿನವೂ ಆ ಹೊತ್ತಿಗೆ ಚಹಾ ಕುಡಿಯಲು ಕೂರುವ ಸ್ಟೂಲು ತೊಲೆಯಡಿ ಚೂರಾಗಿತ್ತು. ಮೆಸ್ಕಾಂನ ಲೈನ್‌ಮನ್‌ಗಳು ಆ ಮಳೆಯಲ್ಲೇ ಬಂದು ಕಂಬದಲ್ಲಿ ಲೈನು ಬಿಡಿಸಿದರು. ಅವರಿಗೆ ನನ್ನ ನಮಸ್ಕಾರ. ವ್ಯಾಪಾರಿಯ ಲಾರಿ ದಿಮ್ಮಿಗಳ ಸಮೇತ ಹೊರಟುಹೋಗಿತ್ತು.

ಮರುದಿನ ಬೆಳಿಗ್ಗೆ ನಾನು ಮೊದಲು ಮಾತಾಡಿದ್ದವರನ್ನೇ ಕರೆಸಿದೆ. ಕೆಲಸ ಅಂದರೆ ಏನೆಂದು ಆಗ ಕಂಡಿತು. ಕ್ರೇನ್ ಒಳಗೆ ತರುವ ಮೊದಲು ಬಾವಿ ಎಲ್ಲಿದೆ, ಇಂಗುಗುಂಡಿ ಎಲ್ಲಿದೆ ಎಂದು ಕೇಳಿ, ಕ್ರೇನಿನ ಕಾಲುಗಳ ಅಡಿಗೆ ಹಲಗೆ ಕೊಟ್ಟರು. ಕಂಬದಲ್ಲಿ ಲೈನು ಆರಿದೆಯೆಂದು ಖಾತ್ರಿಯಾಗುವವರೆಗೆ ಯಾರೂ ಹತ್ತಲಿಲ್ಲ. ಮನೆಯ ಕಡೆಯ ಭಾರವನ್ನು ಮೊದಲು ಇಳಿಸಿದರು. ಪ್ರತಿ ತುಂಡನ್ನು ಕಟ್ಟಿ, ಹಗ್ಗಕ್ಕೆ ಭಾರ ಬಂದ ಮೇಲೆಯೇ ಕೊಯ್ದರು. ಗಟ್ಟಿ ಮರವನ್ನು ಉರುಳಿಸುವಾಗ ಬೀಳಬೇಕಾದ ಕಡೆ ಬಾಯಿ ಕೊಯ್ದು, ಹಿಂದಿನಿಂದ ಕೊಯ್ಯುತ್ತ ಬಂದು, ನಡುವೆ ದಪ್ಪದ ಹತ್ತನೇ ಒಂದು ಪಾಲಿನಷ್ಟು ಮರವನ್ನು ಕೊಯ್ಯದೆ ಬಿಡುತ್ತಾರೆ. ಮರ ಎಲ್ಲಿಗೆ ಬೀಳಬೇಕೆಂದು ಹಿಡಿದು ನಡೆಸುವುದು ಆ ಪಟ್ಟಿ. ಪೊಳ್ಳು ಬುಡದಲ್ಲಿ ಆ ಪಟ್ಟಿಯೇ ಇರುವುದಿಲ್ಲ, ಹಾಗಾಗಿ ಮರ ತನಗೆ ತೋಚಿದ ಕಡೆ ಬೀಳುತ್ತದೆ. ಇದನ್ನು ಹಿರಿಯವನು ವಿವರಿಸಿದಾಗ ಭಾವ ಪಕ್ಕದಲ್ಲೇ ನಿಂತಿದ್ದರು. "ಗಾಳಿ ಬಾರದಿದ್ದರೆ ಏನೂ ಆಗುತ್ತಿರಲಿಲ್ಲ" ಎಂದರು. ಇವತ್ತಿಗೂ ಅದನ್ನೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೇ ತಿಂಗಳಲ್ಲಿ ಗಾಳಿ ಬಾರದೆ ಇರುತ್ತದೆಯೇ?

ಮಾಡು ಸರಿಪಡಿಸಲು ಹೋದ ಹಣ ಮರ ಇಳಿಸುವವರ ಮಜೂರಿಗಿಂತ ಹೆಚ್ಚು. ಆದ್ದರಿಂದ ನಿಮಗೆ ಹೇಳುವುದಿಷ್ಟು.

ಅರ್ಜಿಯನ್ನು ಡಿಸೆಂಬರ್, ಜನವರಿಯಲ್ಲೇ ಕೊಡಿ. ಏಪ್ರಿಲ್ ಕೊನೆಗೆ ಇಡೀ ಊರಿಗೆ ಮರದ ನೆನಪಾಗುತ್ತದೆ. ದಿಮ್ಮಿ ಸಾಗಿಸಲು ಪಾಸು ಬೇಕೇ ಎಂದು ಅನುಮತಿ ಪಡೆಯುವಾಗಲೇ ಕೇಳಿಕೊಳ್ಳಿ.

ಕಡಿಯುವ ಮಜೂರಿ ಬೇರೆ, ದಿಮ್ಮಿಯ ಮಾರಾಟ ಬೇರೆ. ಎರಡನ್ನೂ ಒಬ್ಬನ ಕೈಗೆ ಕೊಡಬೇಡಿ. ಮರ ನೆಲಕ್ಕೆ ಬಂದ ಮೇಲೆ ವ್ಯಾಪಾರಿಯನ್ನು ಕರೆಯಿರಿ.

ಯಾವ ಕೊಂಬೆ ಮೊದಲು, ಹಗ್ಗ ಎಲ್ಲಿ, ಲೈನು ಯಾರು ಆರಿಸುತ್ತಾರೆ, ಮಾಡು ಒಡೆದರೆ ಯಾರು ಕೊಡುತ್ತಾರೆ, ಕೆಲಸದವರಿಗೆ ವಿಮೆ ಇದೆಯೇ, ಬುಡ ತೆಗೆದು ಕಸ ಸಾಗಿಸುವುದೂ ಸೇರಿದೆಯೇ ಎಂದು ಕಾಗದದಲ್ಲಿ ಬರೆಸಿಕೊಳ್ಳಿ. ಕೆಲಸ ಮುಗಿಯುವ ಮೊದಲು ಪೂರ್ತಿ ಹಣ ಕೊಡಬೇಡಿ.

ಮನೆಯ ಹಿರಿಯರು ಗುರುತಿನವರನ್ನು ಕರೆತಂದರೆ ದಾಕ್ಷಿಣ್ಯ ಬೇಡ. ಹತ್ತುವವನ ಸೊಂಟದಲ್ಲಿ ಬೆಲ್ಟು, ತಲೆಯಲ್ಲಿ ಹೆಲ್ಮೆಟ್ ಇಲ್ಲದಿದ್ದರೆ ಗೇಟು ತೆರೆಯಬೇಡಿ. ಶುರುವಾಗಿದ್ದರೆ ನಿಲ್ಲಿಸಿ ಅವನನ್ನು ಕೆಳಗಿಳಿಸಿ. ಯಾರಿಗೆ ಎಷ್ಟು ಬೇಸರವಾದರೂ ಆಗಲಿ.