ದೊಡ್ಡದಕ್ಕೆ ಮೊದಲು ಕೈ ಹಾಕಿ: ಪರಿಸರದ ಹೊರೆ ಇಳಿಸಲು 7 ಸೂತ್ರಗಳು

ಪ್ರಮೋಶನ್‌ಗೆ ಟಾರ್ಗೆಟ್ ಇಟ್ಟುಕೊಳ್ಳುತ್ತೀರಿ, ಸಿಜಿಪಿಎಗೂ ಇಟ್ಟುಕೊಳ್ಳುತ್ತೀರಿ. ಪರಿಸರದ ಮಾತು ಬಂದಾಗ ಮಾತ್ರ ಬಟ್ಟೆ ಚೀಲ ಹಿಡಿದು ಸಮಾಧಾನಪಟ್ಟುಕೊಳ್ಳುತ್ತೀರಿ. ಸಾಲದು. ನಿಮ್ಮ ದಿನದ ದೊಡ್ಡ ಖರ್ಚು ಬಾತ್‌ರೂಮಿನಲ್ಲಿದೆ, ರಸ್ತೆಯಲ್ಲಿದೆ, ಊಟದ ತಟ್ಟೆಯಲ್ಲಿದೆ. ಅಲ್ಲಿಂದ ಶುರು ಮಾಡಿ.

1. ಮೀಟರ್ ಓದಿ
ಇವತ್ತೇ ಮೀಟರ್ ಬೋರ್ಡಿನ ಮುಂದೆ ನಿಲ್ಲಿ. ಒಂದು ಪುಟ್ಟ ಕೆಂಪು ದೀಪ ಬಿಟ್ಟು ಬಿಟ್ಟು ಮಿನುಗುತ್ತಿರುತ್ತದೆ. ಒಳಗಿರುವವರಿಗೆ ಗೀಸರ್ ಆನ್ ಮಾಡಲು ಹೇಳಿ. ದೀಪ ಪಟಪಟ ಬಡಿದುಕೊಳ್ಳತೊಡಗುತ್ತದೆ. ಯಾವುದು ಎಷ್ಟು ಕರೆಂಟ್ ಎಳೆಯುತ್ತದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಗೃಹಜ್ಯೋತಿ ಯೋಜನೆಯಿಂದ ಸೊನ್ನೆ ಬಿಲ್ ಬರುತ್ತಿದ್ದರೂ ಯೂನಿಟ್ ಕಾಲಂ ನೋಡಿ. ಬಿಲ್ ಸೊನ್ನೆಯಾದ ಮಾತ್ರಕ್ಕೆ ರಾಯಚೂರಿನ ಶಾಖೋತ್ಪನ್ನ ಸ್ಥಾವರದಲ್ಲಿ ಕಲ್ಲಿದ್ದಲು ಉರಿಯುವುದು ನಿಲ್ಲುವುದಿಲ್ಲ. ನಮ್ಮ ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. "ನಾನೊಬ್ಬ ಉಳಿಸಿದರೆ ಏನಾದೀತು?" ಅನ್ನಿಸಿದಾಗಲೆಲ್ಲ ಹೋದ ತಿಂಗಳ ಯೂನಿಟ್ ಪಕ್ಕದಲ್ಲಿ ಈ ತಿಂಗಳದ್ದು ಬರೆಯಿರಿ. ಅನುಮಾನವೂ ಒಂದು ಚಟ. ಅಂಕಿ ಕಂಡರೆ ಬಿಟ್ಟುಹೋಗುತ್ತದೆ.

2. ಗೀಸರ್‌ಗೆ ಟೈಮ್‌ಟೇಬಲ್ ಹಾಕಿ
2000 ವಾಟ್‌ನ ಗೀಸರ್ ಅರ್ಧ ಗಂಟೆ ಕಾದರೆ ಒಂದು ಯೂನಿಟ್ ಖಲಾಸ್. ಸ್ನಾನಕ್ಕೆ 15-20 ನಿಮಿಷ ಮೊದಲು ಹಾಕಿ, ಒಳಗೆ ಹೋಗುವಾಗ ಆರಿಸಿ. ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ. ಶವರ್ ಬಿಟ್ಟು ಬಕೆಟ್ ಹಿಡಿಯಿರಿ. ಚಾರ್ಜರ್ ಪ್ಲಗ್ ಕೀಳಿ ಎಂಬ ಉಪದೇಶ ಎಲ್ಲೆಲ್ಲೂ ಕೇಳಿರುತ್ತೀರಿ. ಕೀಳಿ, ಬೇಡ ಅನ್ನುವುದಿಲ್ಲ. ಆದರೆ ಈಗಿನ ಒಳ್ಳೆಯ ಚಾರ್ಜರ್ ವರ್ಷವಿಡೀ ಖಾಲಿ ನೇತಾಡಿದರೂ ತಿನ್ನುವುದು ಒಂದೆರಡು ಯೂನಿಟ್. ಗೀಸರ್ ಅಷ್ಟನ್ನು ಒಂದೇ ಗಂಟೆಯಲ್ಲಿ ಮುಗಿಸುತ್ತದೆ.

3. ನಲ್ಲಿಯನ್ನೂ ಸ್ವಿಚ್ ಅಂದುಕೊಳ್ಳಿ
ಬೆಂಗಳೂರಿಗೆ ಕಾವೇರಿ ತಾನಾಗಿ ಹರಿದು ಬರುವುದಿಲ್ಲ. ತೊರೆಕಾಡನಹಳ್ಳಿ ಕಡೆಯಿಂದ ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಅದನ್ನು ಪಂಪ್ ಮಾಡಬೇಕು. ಆಮೇಲೆ ನಿಮ್ಮ ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ಮತ್ತೆ ಮೋಟರ್. ಚೆಲ್ಲಿದ ಪ್ರತಿ ಬಕೆಟ್ಟಿನಲ್ಲೂ ಕರೆಂಟ್ ಇದೆ. ನಲ್ಲಿಯ ಬಾಯಿಗೆ ಏರೇಟರ್ ಹಾಕಿಸಿ, ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಜಾಲರಿ ಅದು. 2024ರ ಬೇಸಿಗೆಯಲ್ಲಿ ಜಲಮಂಡಳಿ ಹೋಟೆಲ್, ಮಾಲ್‌ಗಳಂಥ ಕಡೆ ಕಡ್ಡಾಯ ಮಾಡಿದ್ದು ಇದನ್ನೇ. ಕುಡಿಯುವ ನೀರಲ್ಲಿ ವಾಹನ ತೊಳೆದವರಿಗೆ ಆಗ 5000 ರೂಪಾಯಿ ದಂಡ. ಆರ್‌ಒ ಫಿಲ್ಟರ್ ಹೊರಬಿಡುವ ನೀರನ್ನು ನೆಲ ಒರೆಸಲು ಹಿಡಿಯಿರಿ. ಪಿ.ಜಿ.ಯಲ್ಲಿದ್ದೀರಾ? ಓನರ್ ಹತ್ತಿರ ಪರಿಸರದ ಮಾತೆತ್ತಬೇಡಿ, ಟ್ಯಾಂಕರ್ ದುಡ್ಡು ಉಳಿಯುತ್ತದೆ ಅನ್ನಿ. ಏರೇಟರ್ ತಾನೇ ಬರುತ್ತದೆ.

4. ಫ್ಯಾನ್ ಬದಲಿಸಿ
ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವಾಟ್ ತಿನ್ನುತ್ತದೆ, ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ದಿನಕ್ಕೆ 10 ಗಂಟೆ ತಿರುಗಿದರೆ ತಿಂಗಳಿಗೆ 13 ಯೂನಿಟ್ ಉಳಿತಾಯ. ಎಸಿ ಇದ್ದರೆ 24 ಡಿಗ್ರಿಗೆ ನಿಲ್ಲಿಸಿ, 18ಕ್ಕಿಟ್ಟು ರಗ್ಗು ಹೊದೆಯಬೇಡಿ.

5. ಕಾರಲ್ಲಿ ಒಬ್ಬರೇ ಹೋಗಬೇಡಿ
ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ 2023ರಿಂದ ಒಂದೇ ಮೆಟ್ರೊ ಓಡುತ್ತಿದೆ. ಸ್ಟೇಷನ್ ದೂರ ಅನ್ನುವ ನೆಪ ಬಿಡಿ, ಫೀಡರ್ ಬಸ್ ಹಿಡಿಯಿರಿ. ಮೊದಲು ವಾರಕ್ಕೆ ಎರಡು ದಿನ ಸಾಕು. ಸಿಗ್ನಲ್‌ನಲ್ಲಿ ಕ್ಲಚ್ ತುಳಿಯುವ ಹೊತ್ತಲ್ಲಿ ಮೆಟ್ರೊದಲ್ಲಿ ಕೂತು ಕೆಎಎಸ್‌ಗೆ ಕರೆಂಟ್ ಅಫೇರ್ಸ್ ಓದಿ ಮುಗಿಸಬಹುದು. ಸೀಟ್ ಸಿಗದಿದ್ದರೆ ನಿಂತೇ ಓದಿ.

6. ಬಡಿಸಿಕೊಳ್ಳುವಾಗಲೇ ಕೈ ಹಿಡಿಯಿರಿ
ಅನ್ನ ಅರ್ಧ ಸೌಟು ಕಮ್ಮಿ ಹಾಕಿಕೊಳ್ಳಿ, ಬೇಕಾದರೆ ಮತ್ತೆ ಹಾಕಿಸಿಕೊಳ್ಳಿ. ಕಸದ ರಾಶಿಯಡಿ ಗಾಳಿಯಿಲ್ಲದೆ ಕೊಳೆಯುವ ಅನ್ನದಿಂದ ಮೀಥೇನ್ ಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಿಸಿ ಹಿಡಿದಿಡುತ್ತದೆ. ಹಸಿ ಕಸ ಬೇರೆ, ಒಣ ಕಸ ಬೇರೆ ಇಡಿ. ಬೆಂಗಳೂರು ಎರಡನ್ನೂ ಬೆರೆಸಿ ಎಸೆದದ್ದರ ದುರ್ನಾತವನ್ನು ನಗರದಂಚಿನ ಮಂಡೂರಿನವರು ವರ್ಷಗಟ್ಟಲೆ ಕುಡಿದರು.

7. ಫೋನನ್ನು ಇನ್ನೆರಡು ವರ್ಷ ಓಡಿಸಿ
ಫೋನಿನ ಇಂಗಾಲದ ಹೊರೆಯಲ್ಲಿ ಬಹುಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ. ಬ್ಯಾಟರಿ ಸೋತಿದ್ದರೆ ಬ್ಯಾಟರಿ ಹಾಕಿಸಿ, ಗ್ಲಾಸ್ ಒಡೆದಿದ್ದರೆ ಗ್ಲಾಸ್. ಸೇಲ್ ಬಂದಾಗ ಶಾಪಿಂಗ್ ಆ್ಯಪ್‌ನ ನೋಟಿಫಿಕೇಶನ್ ಆಫ್ ಮಾಡಿ.