ಯೋಧರ ಎದೆಬಡಿತ, ಬಾಲ್ಯದ ಬೆಲ್ಟ್ ಏಟು

ಎದೆ ಡವಡವ ಎನ್ನುತ್ತದೆ ಎಂದು ನನ್ನ ಬಳಿ ಬರುವವರಲ್ಲಿ ನಿವೃತ್ತ ಸೈನಿಕರೂ ಇರುತ್ತಾರೆ. ಕೆಲವರ ಇಸಿಜಿ ಸರಿ, ಎಕೋ ಸರಿ. ಆದರೂ ನಡುರಾತ್ರಿ ಬೆವೆತು ಎದ್ದು ಕೂರುತ್ತಾರೆ, ದೀಪಾವಳಿ ಪಟಾಕಿಗೆ ಬೆಚ್ಚುತ್ತಾರೆ. ಮನೆಯವರು "ಮಿಲಿಟರಿ ಸಿಟ್ಟು" ಎಂದು ಸುಮ್ಮನಾಗಿರುತ್ತಾರೆ. ಇದು ಪಿಟಿಎಸ್‌ಡಿ ಇರಬಹುದು, ಅಂದರೆ ಆಘಾತ ಮುಗಿದರೂ ಬಿಡದೆ ಕಾಡುವ ಒತ್ತಡದ ಕಾಯಿಲೆ. ಅಮೆರಿಕದ ಮನೋವೈದ್ಯರು ಈ ಹೆಸರನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದವರ ಪಾಡು ನೋಡಿದ ಮೇಲೆ.

ಒಂದೇ ತುಕಡಿ, ಒಂದೇ ಗುಂಡಿನ ಮಳೆ. ಒಬ್ಬರು ಚೇತರಿಸಿಕೊಳ್ಳುತ್ತಾರೆ, ಇನ್ನೊಬ್ಬರಿಗೆ ಆಗುವುದಿಲ್ಲ. ಏಕೆ? ಮನೋವೈದ್ಯ ಬ್ರೆಮ್ನರ್ ಮತ್ತು ಸಂಗಡಿಗರು 1993ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪಿಟಿಎಸ್‌ಡಿ ಇದ್ದ 38 ವಿಯೆಟ್ನಾಂ ಯೋಧರಲ್ಲಿ ಶೇ. 26ರಷ್ಟು ಮಂದಿ ಚಿಕ್ಕಂದಿನಲ್ಲಿ ದೈಹಿಕ ಹಿಂಸೆ ಅನುಭವಿಸಿದ್ದರು. ಆ ಕಾಯಿಲೆ ಇಲ್ಲದ 28 ಯೋಧರಲ್ಲಿ ಇಂಥವರು ಶೇ. 7 ಮಾತ್ರ. ಯಾರು ಎಷ್ಟು ಕದನ ಕಂಡಿದ್ದರು ಎಂಬುದನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ವ್ಯತ್ಯಾಸ ಉಳಿಯಿತು.

ಇದು ಚಿಕ್ಕ ಅಧ್ಯಯನ ಎಂಬುದು ನೆನಪಿರಲಿ. ಕಾಯಿಲೆ ಇದ್ದವರಲ್ಲೂ ಹೆಚ್ಚಿನವರಿಗೆ ಅಂಥ ಬಾಲ್ಯವಿರಲಿಲ್ಲ. ಹಾಗಾಗಿ ಯೋಧರನ್ನು ಕಂಡ ಕೂಡಲೇ ಅವರ ಅಪ್ಪನನ್ನು ದೂರಬೇಡಿ! ಆದರೆ ದಿನವೂ ಏಟಿಗೆ ಹೆದರಿ ಬೆಳೆದ ಮಗುವಿನ ಮೆದುಳಿನಲ್ಲಿ ಅಪಾಯದ ಗಂಟೆ ಬೇಗ ಬಾರಿಸುತ್ತದೆ, ತಡವಾಗಿ ನಿಲ್ಲುತ್ತದೆ. ಅಂಥವರು ಮುಂದೆ ರಣರಂಗಕ್ಕೆ ಹೋದರೆ ಹಳೆಯ ಗಾಯದ ಮೇಲೆ ಹೊಸ ಗಾಯ. ಇದು ಪುಕ್ಕಲುತನವಲ್ಲ.

ಹೃದಯದ ಡಾಕ್ಟರಿಗೆ ಇದೆಲ್ಲ ಏಕೆ ಅನ್ನುತ್ತೀರಾ? ವಿಯೆಟ್ನಾಂ ಕಾಲದಲ್ಲಿ ಸೇನೆಯಲ್ಲಿದ್ದ 562 ಅವಳಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಿಟಿಎಸ್‌ಡಿ ಇದ್ದವರ ಪೈಕಿ ಶೇ. 22.6 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಬಂದಿತ್ತು. ಇಲ್ಲದವರಲ್ಲಿ ಶೇ. 8.9. ಆದ್ದರಿಂದ ಎದೆನೋವು ಬಂದರೆ "ಎಲ್ಲ ಮನಸ್ಸಿನದು" ಎಂದು ಮನೆಯಲ್ಲೇ ತೀರ್ಮಾನಿಸಬೇಡಿ. ಮೊದಲು ಪರೀಕ್ಷೆ ಆಗಲಿ.

ಬಾಲ್ಯದ ವಿಷಯವನ್ನು ಊಟದ ತಟ್ಟೆಯ ಮುಂದೆ ಕೂರಿಸಿ ಕೆದಕಬೇಡಿ. ಅದು ಪರಿಣತರ ಕೆಲಸ. ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆ ಇದೆ, ಬೇಕಾದರೆ ಮಾತ್ರೆಯೂ ಇದೆ. ನಿದ್ದೆಗೆಂದು ರಮ್ ಮಾತ್ರ ಬೇಡ, ಅದು ನಿದ್ದೆಯನ್ನೂ ಹೃದಯವನ್ನೂ ಕೆಡಿಸುತ್ತದೆ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಭಾಷೆಗಳಲ್ಲಿ ಕನ್ನಡವೂ ಇದೆ. ಮನೋವೈದ್ಯರ ಬಳಿ ಹೋಗುವಾಗ ಹೃದಯದ ಮಾತ್ರೆಗಳ ಚೀಟಿ ಜೊತೆಗಿರಲಿ.