ಸಮೀಕರಣ ಬರೆಯದ ಹುಡುಗನಿಗೆ ಎಷ್ಟು ಅಂಕ?

ಮೇಡಂ, ಸೊನ್ನೆಯಂತೂ ಬೇಡ. ಗಂಗಾವತಿಯ ಭತ್ತದ ಲಾರಿಗೆ ಬಾಡಿಗೆ 600 ರೂಪಾಯಿ, ಚೀಲಕ್ಕೆ ಹಮಾಲಿ 20, ಒಟ್ಟು 2,200 ಆದರೆ ಚೀಲ ಎಷ್ಟು ಎಂದು ನೀವು ಕೇಳಿದಿರಿ. ಹುಡುಗ ಬಾಡಿಗೆ ಕಳೆದು, ಉಳಿದದ್ದನ್ನು 20ರಿಂದ ಭಾಗಿಸಿ 80 ಚೀಲ ಎಂದ. ಸಮೀಕರಣ ಬಿಡಿಸುವವರು ಮಾಡುವುದೂ ಅದನ್ನೇ! ಅಂಥ ಪ್ರಶ್ನೆಗೆ ಬೀಜಗಣಿತವೇ ಬೇಕಿಲ್ಲ.

ಎಂಟನೆಯ ತರಗತಿಯವರಿಗೆ ಹೀಗೆ ಕೇಳಿ: ಇನ್ನೊಂದು ಲಾರಿಯ ಬಾಡಿಗೆ 900, ಹಮಾಲಿ 15, ಎಷ್ಟು ಚೀಲಕ್ಕೆ ಎರಡರ ಖರ್ಚೂ ಸಮ? ಚೀಲಗಳ ಸಂಖ್ಯೆಯನ್ನು ‘ಚ’ ಎಂದರೆ 600 + 20ಚ = 900 + 15ಚ. ಗೊತ್ತಿಲ್ಲದ್ದು ಎರಡೂ ಕಡೆ ಇರುವುದರಿಂದ ಹಿಂದಿನಿಂದ ಕಳೆಯುತ್ತ ಬಂದರೆ ಸಾಲದು. ಉತ್ತರ 60. ನಾಲ್ಕು ಅಂಕದಲ್ಲಿ ಎರಡನ್ನು ಸಮೀಕರಣ ಕಟ್ಟಿದ್ದಕ್ಕೇ ಕೊಡಿ, ಒಂದನ್ನು ಬಿಡಿಸಿದ್ದಕ್ಕೆ, ಇನ್ನೊಂದನ್ನು ತಾಳೆ ನೋಡಿದ್ದಕ್ಕೆ. ಕುಷ್ಟಗಿಯ ಮಕ್ಕಳಿಗೆ ಭತ್ತದ ಬದಲು ದಾಳಿಂಬೆ ಬಾಕ್ಸ್ ಇಡಿ.